‘ಸ್ವಲ್ಪ ತಾಳಿ’ ಎಂದವರಿಗೆ ಬರೆದ ಉತ್ತರ

(ಬರ್ಮಿಂಗ್‌ಹ್ಯಾಮ್ ಜೈಲಿನ ಪತ್ರದ ವಾದಕಲೆ ಕುರಿತ ಉಪನ್ಯಾಸದ ಬರಹ ರೂಪ)

ಒಂದು ಅಡ್ಡಗೋಡೆಯಿಂದ ಶುರು ಮಾಡೋಣ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಕಾನೂನು ಸಂಹಿತೆಯಲ್ಲಿ 369ನೇ ಕಲಮು ಹೋಟೆಲುಗಳಿಗೆ ಸಂಬಂಧಿಸಿದ್ದು. ಬಿಳಿಯರಿಗೂ ಕಪ್ಪು ಜನರಿಗೂ ಒಂದೇ ಕೋಣೆಯಲ್ಲಿ ಊಟ ಬಡಿಸುವಂತಿಲ್ಲ ಎಂದು ಅದು ಹೇಳುತ್ತಿತ್ತು. ಬಡಿಸಲೇಬೇಕೆಂದರೆ ನಡುವೆ ನೆಲದಿಂದ ಕನಿಷ್ಠ 7 ಅಡಿ ಎತ್ತರದ ಗಟ್ಟಿ ಅಡ್ಡಗೋಡೆ ಬೇಕು, ಎರಡು ಭಾಗಕ್ಕೂ ಬೀದಿಯಿಂದಲೇ ಬೇರೆ ಬೇರೆ ಬಾಗಿಲು ಬೇಕು. ಎದ್ದು ನಿಂತವರ ಕಣ್ಣಿಗೂ ಆಚೆಯವರು ಬೀಳಬಾರದು, ಅಷ್ಟು ಎತ್ತರ. 597ನೇ ಕಲಮು ಇನ್ನೂ ಸಣ್ಣದಕ್ಕೆ ಇಳಿಯುತ್ತದೆ. ಕಪ್ಪು ವ್ಯಕ್ತಿ ಮತ್ತು ಬಿಳಿಯ ವ್ಯಕ್ತಿ ಜೊತೆಗೂಡಿ ಇಸ್ಪೀಟು, ದಾಳ, ಡಾಮಿನೊ, ಚೆಕರ್ಸ್ ಆಡಿದರೆ ಅದು ಅಪರಾಧ.

ಇಂಥ ಕಾನೂನು ಅನ್ಯಾಯ ಎಂದು ಇವತ್ತು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1963ರಲ್ಲಿ ಹೇಳಬೇಕಿತ್ತು. ಅದೂ ದ್ವೇಷಿಗಳಿಗೆ ಹೇಳುವುದಕ್ಕಿಂತ ಒಳ್ಳೆಯವರಿಗೆ ಹೇಳುವುದು ಕಷ್ಟವಾಗಿತ್ತು. ಆ ಒಳ್ಳೆಯವರನ್ನು ಕಪ್ಪು ಜನರ ಸಮಾನ ಹಕ್ಕಿನ ಹೋರಾಟದ ಮುಂದಾಳು, ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಹೇಗೆ ಎದುರಿಸಿದರು, ಜೈಲಿನಿಂದ ಬರೆದ ಅವರ ಪತ್ರದ ಕಟ್ಟಡ ಎಂಥದು, ಅದರ ಕಲ್ಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ ಎನ್ನುವುದೇ ಇಲ್ಲಿನ ವಿಷಯ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇವೆ. ಬರ್ಮಿಂಗ್‌ಹ್ಯಾಮಿನಲ್ಲಿ ಪಾದ್ರಿ ಫ್ರೆಡ್ ಶಟಲ್ಸ್‌ವರ್ತ್ 1956ರಿಂದ ಸಂಘಟನೆ ಕಟ್ಟಿ ಹೋರಾಡುತ್ತಿದ್ದರು. ಅವರ ಕರೆಗೆ ಓಗೊಟ್ಟು ಕಿಂಗ್ ಅವರ ಸಂಸ್ಥೆ ಅಲ್ಲಿಗೆ ಬಂತು. 1963ರ ಏಪ್ರಿಲ್ 3ರಂದು ಚಳವಳಿ ಶುರುವಾಯಿತು. ಏಪ್ರಿಲ್ 10ರಂದು ನ್ಯಾಯಾಲಯ ಮೆರವಣಿಗೆಗೆ ತಡೆಯಾಜ್ಞೆ ಕೊಟ್ಟಿತು. 12ರಂದು, ಅಂದರೆ ಶುಭ ಶುಕ್ರವಾರ, ಕಿಂಗ್ ಮತ್ತು ಅವರ ಒಡನಾಡಿ ರಾಲ್ಫ್ ಅಬರ್ನಥಿ ತಡೆಯಾಜ್ಞೆ ಮೀರಿ ನಡೆದು ಬಂಧನಕ್ಕೊಳಗಾದರು. ಕಿಂಗ್ ಅವರನ್ನು ಒಂಟಿ ಕೋಣೆಗೆ ಹಾಕಿದರು. ಅದೇ ಸಮಯಕ್ಕೆ ಅಲಬಾಮಾದ 8 ಮಂದಿ ಬಿಳಿಯ ಧರ್ಮಗುರುಗಳ ಹೇಳಿಕೆ ಪತ್ರಿಕೆಯಲ್ಲಿ ಬಂತು. ಈ ಹೋರಾಟ ವಿವೇಕದ್ದಲ್ಲ, ಸಮಯೋಚಿತವೂ ಅಲ್ಲ, ಇದರಲ್ಲಿ ಹೊರಗಿನವರ ಕೈವಾಡವಿದೆ, ಹಕ್ಕು ಬೇಕಾದರೆ ನ್ಯಾಯಾಲಯದಲ್ಲಿ ಕೇಳಿ, ಸ್ಥಳೀಯ ಮುಖಂಡರ ಜೊತೆ ಕೂತು ಮಾತಾಡಿ, ಬೀದಿಗೆ ಇಳಿಯಬೇಡಿ. ಇದು ಅದರ ಸಾರ. ಪೊಲೀಸರು ಶಾಂತವಾಗಿ ನಡೆದುಕೊಂಡರೆಂದು ಶಹಬ್ಬಾಸ್‌ಗಿರಿ ಬೇರೆ. ಕಿಂಗ್ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಈ ಎಂಟು ಜನ ದುಷ್ಟರಾಗಿರಲಿಲ್ಲ. ‘ಪ್ರತ್ಯೇಕತೆ ಎಂದೆಂದಿಗೂ’ (ಬಿಳಿಯರು, ಕಪ್ಪು ಜನ ಬೇರೆ ಬೇರೆಯಾಗಿಯೇ ಇರಬೇಕು) ಎಂದು ರಾಜ್ಯಪಾಲ ಜಾರ್ಜ್ ವಾಲೇಸ್ ಅದೇ ಜನವರಿಯಲ್ಲಿ ಅಬ್ಬರಿಸಿದಾಗ, ನ್ಯಾಯಾಲಯದ ಆದೇಶಗಳನ್ನು ಪಾಲಿಸಿ ಎಂದು ಬಹಿರಂಗವಾಗಿ ಹೇಳಿದ್ದವರು ಇವರೇ. ಅವರಲ್ಲೊಬ್ಬರಾದ ಅರ್ಲ್ ಸ್ಟಾಲಿಂಗ್ಸ್ ತಮ್ಮ ಚರ್ಚಿನ ಪ್ರಾರ್ಥನೆಗೆ ಕಪ್ಪು ಜನರನ್ನು ಬರಮಾಡಿಕೊಂಡದ್ದನ್ನು ಕಿಂಗ್ ಪತ್ರದೊಳಗೇ ಹೆಸರು ಹಿಡಿದು ಮೆಚ್ಚುತ್ತಾರೆ. ವಾದಿಸುವವರು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ. ವಾಲೇಸನಿಗೋ ಪೊಲೀಸ್ ಉಸ್ತುವಾರಿ ಹೊತ್ತ ಬುಲ್ ಕಾನರ್‌ಗೋ ಕಿಂಗ್ ಪತ್ರ ಬರೆಯಲಿಲ್ಲ. ಅವರ ಮನಸ್ಸು ತಿರುಗುವಂಥದ್ದಲ್ಲ. ಅರ್ಧ ದಾರಿ ಬಂದು ನಿಂತವರನ್ನು ಹುಡುಕಿ ಬರೆದರು. ಅರ್ಧ ದಾರಿಗೆ ಬಂದವರು ತಾವೇ ಒಪ್ಪಿಕೊಂಡ ಕೆಲವು ಮಾತುಗಳಿಗೆ ಕಟ್ಟುಬಿದ್ದಿರುತ್ತಾರೆ. ಆ ಮಾತುಗಳೇ ಹಿಡಿಕೆ.

ಪತ್ರ ಹುಟ್ಟಿದ ರೀತಿಯೂ ಅದರ ರೂಪಕ್ಕೆ ಕಾರಣ. ಮೊದಲು ಪತ್ರಿಕೆಯ ಅಂಚಿನಲ್ಲಿ ಬರೆದರು. ಆಮೇಲೆ ಜೈಲಿನಲ್ಲೇ ಕೆಲಸ ಮಾಡುವ ಕಪ್ಪು ಕೈದಿಯೊಬ್ಬರು ತಂದುಕೊಟ್ಟ ಚೂರು ಕಾಗದದ ಮೇಲೆ, ಕೊನೆಗೆ ವಕೀಲರು ಬಿಟ್ಟುಹೋದ ಹಾಳೆಗಳ ಮೇಲೆ. ಪುಸ್ತಕವಿಲ್ಲ, ಟಿಪ್ಪಣಿಯಿಲ್ಲ. ಹಾಗಾಗಿ ಉಲ್ಲೇಖಗಳೆಲ್ಲ ನೆನಪಿನಲ್ಲಿ ಅರಗಿದವು, ಉಪದೇಶಪೀಠದಲ್ಲಿ ನೂರು ಸಲ ಬಾಯಿಗೆ ಬಂದವು. ಇಂಗ್ಲಿಷಿನಲ್ಲಿ ಸುಮಾರು 7,000 ಪದ, ತಾರೀಖು ಏಪ್ರಿಲ್ 16. ಆದರೆ ಜೈಲಿನಲ್ಲಿ ಬರೆದದ್ದೇ ಅಕ್ಷರ ಬದಲಾಗದೆ ನಮ್ಮ ಕೈಗೆ ಬಂದಿದೆ ಎಂದುಕೊಳ್ಳಬೇಡಿ. ಪ್ರಕಟಣೆಗಾಗಿ ತಿದ್ದಿ ಒಪ್ಪ ಮಾಡಿದ್ದೇನೆ ಎಂದು ಕಿಂಗ್ ತಾವೇ ಆಮೇಲೆ ಹೇಳಿಕೊಂಡಿದ್ದಾರೆ. ಅದರಿಂದ ಪತ್ರದ ಮರ್ಯಾದೆಗೇನೂ ಕುಂದಿಲ್ಲ. ಒಳ್ಳೆಯ ವಾದ ತಿದ್ದಿದಷ್ಟೂ ಗಟ್ಟಿ.

ಈಗ ಕಟ್ಟಡದೊಳಕ್ಕೆ ಹೋಗೋಣ. ಪತ್ರ ‘ನನ್ನ ಪ್ರಿಯ ಸಹ ಧರ್ಮಗುರುಗಳೇ’ ಎಂದು ತೆರೆಯುತ್ತದೆ. ನೀವು ಪ್ರಾಮಾಣಿಕರು, ನಿಮ್ಮ ಟೀಕೆ ಮನಃಪೂರ್ವಕವಾದದ್ದು, ಅದಕ್ಕೇ ಉತ್ತರಿಸುತ್ತಿದ್ದೇನೆ ಎನ್ನುತ್ತಾರೆ. ಇದು ಬರೀ ನಯದ ಮಾತಲ್ಲ. ಎದುರಾಳಿ ಪ್ರಾಮಾಣಿಕ ಎಂದು ಒಪ್ಪಿಕೊಂಡ ಮೇಲೆ, ಆ ಪ್ರಾಮಾಣಿಕತೆಗೆ ತಕ್ಕ ಹಾಗೆ ನಡೆದುಕೊಳ್ಳುವ ಹೊಣೆ ಎದುರಾಳಿಯ ಹೆಗಲಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಹೇಳಿಕೆಯ ಒಂದೊಂದು ಆರೋಪವನ್ನೂ ಒಂದೇ ರೀತಿ ಎತ್ತಿಕೊಳ್ಳುತ್ತಾರೆ. ಅವರ ಪದವನ್ನು ಅವರಿಗಿಂತ ಸ್ಪಷ್ಟವಾಗಿ ಮುಂದಿಡುವುದು, ಅದರಲ್ಲಿ ಸತ್ಯವಿದ್ದಷ್ಟನ್ನು ಕೊಟ್ಟುಬಿಡುವುದು, ಉಳಿದದ್ದನ್ನು ಮಗುಚಿಹಾಕುವುದು. ‘ಹೊರಗಿನವರು’ ಎಂಬ ಆರೋಪಕ್ಕೆ ಮೂರು ಮೆಟ್ಟಿಲಿನ ಉತ್ತರ ಇದೆ. ಮೊದಲು ಆಡಳಿತದ ಕಾರಣ: ನಮ್ಮ ಸಂಸ್ಥೆಗೆ ದಕ್ಷಿಣದಲ್ಲಿ 85ರಷ್ಟು ಅಂಗಸಂಸ್ಥೆಗಳಿವೆ, ಇಲ್ಲಿನವರು ಕರೆದರು, ಬಂದೆ. ಆಮೇಲೆ ಧರ್ಮದ ಕಾರಣ: ಸಂತ ಪೌಲನೂ ಯೇಸುವಿನ ಸಂದೇಶ ಸಾರಲು ಊರು ಬಿಟ್ಟು ಊರಿಗೆ ಹೋದವನು. ಕೊನೆಗೆ ತತ್ವ: ಎಲ್ಲೋ ಒಂದು ಕಡೆ ನಡೆಯುವ ಅನ್ಯಾಯ ಎಲ್ಲ ಕಡೆಯ ನ್ಯಾಯಕ್ಕೂ ಅಪಾಯ. ಈ ಮೂರನೆಯ ವಾಕ್ಯವನ್ನಷ್ಟೇ ಕಿತ್ತು ಗೋಡೆಗೆ ಅಂಟಿಸುವವರಿದ್ದಾರೆ. ಮೊದಲ ಎರಡು ಮೆಟ್ಟಿಲು ತೆಗೆದರೆ ಅದು ಅಂತರದಲ್ಲಿ ನೇತಾಡುತ್ತದೆ. ಕರೆದಿದ್ದರು, ಬಂದೆ ಎಂಬ ಒಣ ಮಾಹಿತಿಯೇ ಅದಕ್ಕೆ ನೆಲ.

‘ಮಾತುಕತೆ ಮಾಡಿ’ ಎಂಬುದಕ್ಕೂ ಒಣ ಮಾಹಿತಿಯೇ ಉತ್ತರ. ಅಹಿಂಸಾ ಹೋರಾಟಕ್ಕೆ ನಾಲ್ಕು ಹಂತ ಎಂದು ಕಿಂಗ್ ಎಣಿಸುತ್ತಾರೆ. ಅನ್ಯಾಯ ನಿಜವಾಗಿಯೂ ಇದೆಯೇ ಎಂದು ಸಂಗತಿಗಳನ್ನು ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ, ಆಮೇಲೆ ನೇರ ಕ್ರಮ. ಬರೀ ಎಣಿಸಿ ಬಿಡುವುದಿಲ್ಲ, ಪ್ರತಿ ಹಂತಕ್ಕೂ ಬರ್ಮಿಂಗ್‌ಹ್ಯಾಮಿನಲ್ಲಿ ಏನಾಯಿತೆಂದು ಲೆಕ್ಕ ಒಪ್ಪಿಸುತ್ತಾರೆ. ಕಪ್ಪು ಜನರ ಮನೆ, ಚರ್ಚುಗಳ ಮೇಲೆ ನಡೆದು ಪತ್ತೆಯಾಗದೆ ಉಳಿದ ಬಾಂಬ್ ದಾಳಿಗಳು ದೇಶದ ಬೇರಾವ ನಗರಕ್ಕಿಂತಲೂ ಇಲ್ಲಿ ಹೆಚ್ಚು. 1962ರ ಸೆಪ್ಟೆಂಬರಿನಲ್ಲಿ ಮಾತುಕತೆ ನಡೆದು, ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಎಂಬ ಅವಮಾನದ ಬೋರ್ಡುಗಳನ್ನು ತೆಗೆಯುತ್ತೇವೆಂದು ವರ್ತಕರು ಮಾತು ಕೊಟ್ಟರು. ಕೆಲವು ಬೋರ್ಡು ಇಳಿದವು, ಮತ್ತೆ ಏರಿದವು. ಸ್ವಯಂಸೇವಕರಿಗೆ ತರಬೇತಿ ನಡೆಯಿತು. ಹೊಡೆತ ತಿಂದು ತಿರುಗಿ ಹೊಡೆಯದೆ ಇರಬಲ್ಲೆಯಾ, ಜೈಲು ತಡೆದುಕೊಳ್ಳಬಲ್ಲೆಯಾ ಎಂದು ಮತ್ತೆ ಮತ್ತೆ ಕೇಳಿದರು. ಈಸ್ಟರ್ ಹಬ್ಬವನ್ನು ಆರಿಸಿದ್ದಕ್ಕೂ ಕಾರಣ ಕೊಡುತ್ತಾರೆ. ಕ್ರಿಸ್‌ಮಸ್ ಬಿಟ್ಟರೆ ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ಕಾಲ ಅದು, ಅಂಗಡಿ ಬಹಿಷ್ಕಾರದ ಬಿಸಿ ಆಗಲೇ ತಟ್ಟುವುದು. ನಗರ ಚುನಾವಣೆ ಬಂತೆಂದು ಒಮ್ಮೆ, ಅದು ಎರಡನೇ ಸುತ್ತಿಗೆ ಹೋಯಿತೆಂದು ಇನ್ನೊಮ್ಮೆ ಮುಂದೂಡಿದ್ದನ್ನೂ ಹೇಳುತ್ತಾರೆ. ‘ಅವಸರ’ ಎಂದವರ ಮುಂದೆ ಕಾದ ದಿನಗಳ ಲೆಕ್ಕವೇ ಬಿಚ್ಚಿಕೊಳ್ಳುತ್ತದೆ.

ಈಗ ಪತ್ರದ ಎದೆಗೆ ಬರೋಣ. ನಮ್ಮಲ್ಲಿ ‘ತಾಳಿದವನು ಬಾಳಿಯಾನು’ ಎಂಬ ಗಾದೆ ಇದೆ. ಎಂಟು ಗುರುಗಳು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಕಿಂಗ್ ಮೊದಲು ಲೆಕ್ಕ ಹೇಳುತ್ತಾರೆ: 340 ವರ್ಷಕ್ಕೂ ಹೆಚ್ಚು ಕಾಲದಿಂದ ತಾಳಿದ್ದೇವೆ. ಏಷ್ಯಾ, ಆಫ್ರಿಕಾದ ದೇಶಗಳು ಜೆಟ್ ವೇಗದಲ್ಲಿ ಸ್ವಾತಂತ್ರ್ಯದ ಕಡೆ ಹೋಗುತ್ತಿದ್ದರೆ, ನಾವು ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯುವ ಹಕ್ಕಿಗಾಗಿ ಕುದುರೆಗಾಡಿಯಲ್ಲಿ ತೆವಳುತ್ತಿದ್ದೇವೆ. ಅದರ ಬೆನ್ನಿಗೇ ಬರುವುದು ಆ ಪ್ರಖ್ಯಾತ ವಾಕ್ಯ. ಇಂಗ್ಲಿಷಿನಲ್ಲಿ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ‘ನೀವು ಇಂಥದ್ದನ್ನು ಕಂಡಾಗ’, ‘ನಿಮಗೆ ಇಂಥದ್ದು ಒದಗಿದಾಗ’ ಎಂದು ಒಂದರ ಮೇಲೊಂದು ಉಪವಾಕ್ಯ ಪೇರಿಸುತ್ತ ಹೋಗಿ, ಕಟ್ಟಕಡೆಗೆ ‘ಆಗ ತಿಳಿದೀತು, ನಮಗೆ ಕಾಯುವುದು ಯಾಕೆ ಕಷ್ಟವೆಂದು’ ಎಂದು ನಿಲ್ಲುತ್ತದೆ.

ಮುಖ್ಯ ಕ್ರಿಯಾಪದವನ್ನು ಇಷ್ಟು ದೂರ ತಡೆದಿಡುವುದು ಇಂಗ್ಲಿಷಿಗೆ ಸಹಜವಲ್ಲ. ಓದುವವನಿಗೆ ಉಸಿರು ಕಟ್ಟುತ್ತದೆ, ಮುಂದೇನು ಎಂದು ಕಾಯುತ್ತಾನೆ. ಕಾಯುವುದೆಂದರೆ ಏನೆಂದು ವಿವರಿಸುವ ವಾಕ್ಯ ಓದುಗನನ್ನೇ ಕಾಯಿಸುತ್ತದೆ. ಕನ್ನಡಕ್ಕೆ ತರುವವರಿಗೆ ಇದೊಂದು ತೊಡಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದೇ ನಿತ್ಯದ ಪದ್ಧತಿ, ‘ಕಂಡಾಗ, ಕೇಳಿದಾಗ, ಹೇಳಬೇಕಾದಾಗ’ ಎಂದು ಎಷ್ಟು ಪೇರಿಸಿದರೂ ನಮ್ಮ ಕಿವಿಗೆ ಅದು ಹಿತವಾಗಿಯೇ ಕೇಳುತ್ತದೆ. ಓದಲು ಸುಲಭವಾಗಲಿ ಎಂದು ವಾಕ್ಯವನ್ನು ತುಂಡು ಮಾಡಿದರಂತೂ ಕೆಲಸ ಪೂರ್ತಿ ಕೆಟ್ಟಿತು. ತುಂಡು ಮಾಡದೆ, ಪ್ರತಿ ಸಲವೂ ‘ನಿಮ್ಮ’ ಎಂಬ ಪದವನ್ನು ಬಿಡದೆ ಹಿಡಿದರೆ ಆ ಭಾರ ಸ್ವಲ್ಪವಾದರೂ ಉಳಿಯುತ್ತದೆ. ಏಕೆಂದರೆ ಮೂಲದಲ್ಲಿ ಕಿಂಗ್ ‘ನಮ್ಮ ತಾಯಂದಿರು’ ಎನ್ನುವುದಿಲ್ಲ. ನಿಮ್ಮ ತಾಯಿ ತಂದೆಯರನ್ನು ಗುಂಪು ಮನಬಂದಂತೆ ಕೊಲ್ಲುವುದನ್ನು ನೀವು ಕಂಡಾಗ ಎನ್ನುತ್ತಾರೆ. ಬಿಳಿಯ ಗುರುವಿನ ಮೈಗೆ ಕಪ್ಪು ಮನುಷ್ಯನ ದಿನವನ್ನು ತೊಡಿಸುತ್ತಾರೆ.

ಆ ಉಪವಾಕ್ಯಗಳ ಸರದಿಯನ್ನು ಇನ್ನೂ ಹತ್ತಿರದಿಂದ ನೋಡಿ. ಮೊದಲು ಗುಂಪು ಹತ್ಯೆ, ಪೊಲೀಸರ ಕ್ರೌರ್ಯ. ಇಲ್ಲಿ ಸಜ್ಜನ ಓದುಗ ‘ಹೌದು, ಘೋರ’ ಎನ್ನುತ್ತಾನೆ, ಆದರೆ ತಾನು ಅದರಲ್ಲಿಲ್ಲ. ಆಮೇಲೆ ಸಂಪತ್ತಿನ ನಡುವೆ ಬಡತನದ ಪಂಜರದಲ್ಲಿ ಉಸಿರುಗಟ್ಟಿದ 2 ಕೋಟಿ ಜನ. ಆಮೇಲೆ ಆರು ವರ್ಷದ ಮಗಳು. ಟಿವಿಯಲ್ಲಿ ಈಗತಾನೇ ಜಾಹೀರಾತು ಬಂದ ಮನರಂಜನಾ ಉದ್ಯಾನಕ್ಕೆ ನೀನು ಹೋಗುವ ಹಾಗಿಲ್ಲ ಎಂದು ಅವಳಿಗೆ ಹೇಳಲು ಅಪ್ಪನ ನಾಲಗೆ ತೊದಲುತ್ತದೆ. ಅವಳ ಕಣ್ಣು ತುಂಬುತ್ತದೆ, ಪುಟ್ಟ ಮನಸ್ಸಿನ ಆಕಾಶದಲ್ಲಿ ಕೀಳರಿಮೆಯ ಮೋಡ ಕಟ್ಟತೊಡಗುತ್ತದೆ. ಬಿಳಿಯರು ನಮ್ಮನ್ನು ಯಾಕಪ್ಪಾ ಹೀಗೆ ನಡೆಸಿಕೊಳ್ಳುತ್ತಾರೆ ಎಂದು ಐದು ವರ್ಷದ ಮಗ ಕೇಳುತ್ತಾನೆ. ದೂರದ ಪ್ರಯಾಣದಲ್ಲಿ ಯಾವ ಲಾಡ್ಜೂ ಒಳಗೆ ಬಿಡದೆ, ರಾತ್ರಿಯಿಡೀ ಕಾರಿನ ಮೂಲೆಯಲ್ಲಿ ಮುದುಡಿ ಮಲಗಬೇಕು. ಇದೆಲ್ಲ ಆದ ಮೇಲೆ ಬರುತ್ತದೆ ಸಂಬೋಧನೆಯ ಮಾತು. ನಿಮಗೆ ಎಷ್ಟೇ ವಯಸ್ಸಾಗಿರಲಿ ‘ಹುಡುಗ’ ಎಂದೇ ಕರೆಯುತ್ತಾರೆ. ನಿಮ್ಮ ಹೆಂಡತಿಗೆ, ತಾಯಿಗೆ ‘ಮಿಸೆಸ್’ ಎಂಬ ಗೌರವದ ಪದ ಎಂದೂ ಸಲ್ಲುವುದಿಲ್ಲ.

ಕೊಲೆಯಿಂದ ಶುರುವಾಗಿ ಸಂಬೋಧನೆಗೆ ಇಳಿಯುವುದು ವಾದದ ಇಳಿಜಾರಿನಂತೆ ಕಾಣಬಹುದು. ಏರು ಇರುವುದೇ ಅಲ್ಲಿ. ಆ ಎಂಟು ಜನ ಯಾರನ್ನೂ ಕೊಂದವರಲ್ಲ. ಆದರೆ ಕಪ್ಪು ಮುದುಕನೊಬ್ಬನನ್ನು ಬರಿ ಹೆಸರು ಹಿಡಿದು ಕರೆಯುವುದು ಅವರ ಸುತ್ತಲಿನ ಪ್ರತಿ ಮನೆಯ ರೂಢಿ. ಪ್ರೇಕ್ಷಕನಾಗಿ ಒಪ್ಪುತ್ತ ಬಂದ ಓದುಗ ಕೊನೆಗೆ ತನ್ನ ಅಂಗಳದಲ್ಲೇ ನಿಂತಿರುತ್ತಾನೆ. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿರಿಯರೊಬ್ಬರನ್ನು ಜಾತಿ ನೋಡಿ ಏಕವಚನದಲ್ಲಿ ಕರೆಯುವುದರೊಳಗೆ ಎಷ್ಟು ಹಿಂಸೆಯಿದೆ ಎಂದು ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು. ಈ ಬಿರುಗಾಳಿಯಾದ ಮೇಲೆ ಕಿಂಗ್ ಗುರುಗಳನ್ನು ‘ಮಹನೀಯರೇ’ ಎಂದು ಸಂಬೋಧಿಸುತ್ತಾರೆ, ನಮ್ಮ ಅಸಹನೆ ನಿಮಗೆ ಅರ್ಥವಾದೀತೆಂದು ನಂಬಿದ್ದೇನೆ ಎನ್ನುತ್ತಾರೆ. ತನಗೆ ಸಿಗದ ಬಹುವಚನವನ್ನು ಎದುರಿನವರಿಗೆ ಕೊಟ್ಟು ಮುಗಿಸುತ್ತಾರೆ.

ಮುಂದಿನ ಪ್ರಶ್ನೆ ನಿಜಕ್ಕೂ ಕಠಿಣವಾದದ್ದು, ಕಿಂಗ್ ಅದನ್ನು ಮರೆಮಾಚುವುದಿಲ್ಲ. ಶಾಲೆಗಳಲ್ಲಿ ಪ್ರತ್ಯೇಕತೆ ಸಲ್ಲದೆಂಬ 1954ರ ಸುಪ್ರೀಂ ಕೋರ್ಟ್ ತೀರ್ಪನ್ನು ಪಾಲಿಸಿ ಎಂದು ಬಿಳಿಯರಿಗೆ ಹೇಳುವ ನೀವೇ ಕಾನೂನು ಮುರಿಯುತ್ತೀರಲ್ಲ? ಈ ಆತಂಕ ನ್ಯಾಯವಾದದ್ದೇ ಎಂದು ಒಪ್ಪಿಕೊಂಡೇ ಉತ್ತರಕ್ಕೆ ಇಳಿಯುತ್ತಾರೆ. ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂದ ಸಂತ ಅಗಸ್ಟೀನ್, ಶಾಶ್ವತ ಧರ್ಮದಲ್ಲಿ ಬೇರೂರದ್ದು ಅನ್ಯಾಯದ ಕಾನೂನು ಎಂದ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್, ಮನುಷ್ಯನನ್ನು ‘ಅದು’ ಎಂದು ಕಾಣುವುದಕ್ಕೂ ‘ನೀನು’ ಎಂದು ಕಾಣುವುದಕ್ಕೂ ಇರುವ ಅಂತರ ಹೇಳಿದ ಯಹೂದಿ ಚಿಂತಕ ಮಾರ್ಟಿನ್ ಬೂಬರ್, ಪಾಪವೆಂದರೆ ಬೇರ್ಪಡುವಿಕೆ ಎಂದ ಪ್ರಾಟೆಸ್ಟೆಂಟ್ ಪಂಡಿತ ಪಾಲ್ ಟಿಲಿಕ್ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಪಾಂಡಿತ್ಯ ಮೆರೆಯಲು ತಂದ ಹೆಸರುಗಳಲ್ಲ ಇವು. ಸಹಿ ಹಾಕಿದ ಎಂಟು ಜನರಲ್ಲಿ ಒಬ್ಬರು ಕ್ಯಾಥೊಲಿಕ್ ಬಿಷಪ್, ಒಬ್ಬರು ಯಹೂದಿ ರಬ್ಬಿ, ಉಳಿದವರು ಬೇರೆ ಬೇರೆ ಪ್ರಾಟೆಸ್ಟೆಂಟ್ ಪಂಗಡದವರು. ಯಾರಿಗೂ ತಮ್ಮ ಮನೆಯ ಹಿರಿಯನನ್ನು ಅಲ್ಲಗಳೆಯಲು ಆಗದಂತೆ ಸಾಕ್ಷಿಗಳನ್ನು ಕರೆಸಲಾಗಿದೆ. ಭಾರತೀಯರಾದ ನಾವು ಗಮನಿಸಬೇಕಾದ್ದೊಂದಿದೆ. 1959ರಲ್ಲಿ ಒಂದು ತಿಂಗಳು ಭಾರತ ಸುತ್ತಿ ಹೋದ ಕಿಂಗ್, ತಮ್ಮ ಹೋರಾಟದ ವಿಧಾನಕ್ಕೆ ಗಾಂಧೀಜಿಯ ಋಣವನ್ನು ಎಷ್ಟೋ ಕಡೆ ನೆನೆದ ಕಿಂಗ್, ಈ ಪತ್ರದಲ್ಲಿ ಗಾಂಧೀಜಿಯ ಹೆಸರು ಎತ್ತುವುದೇ ಇಲ್ಲ. ಅದು ಮರೆವಲ್ಲ ಎಂಬುದು ನಮ್ಮ ಎಣಿಕೆ. ಆ ಎಂಟು ಜನರ ಮನೆಯಲ್ಲಿ ಗಾಂಧಿ ಹಿರಿಯರಾಗಿರಲಿಲ್ಲ.

ಇಷ್ಟಾದರೂ, ‘ಮನುಷ್ಯನ ವ್ಯಕ್ತಿತ್ವವನ್ನು ಕುಗ್ಗಿಸುವ ಕಾನೂನು ಅನ್ಯಾಯ’ ಎಂಬ ಮಾತು ಅಳತೆಗೆ ಸಿಗುವುದಿಲ್ಲ. ಅದು ಕಿಂಗ್ ಅವರಿಗೂ ಗೊತ್ತು. ಆದ್ದರಿಂದ ದೇವರನ್ನು ನಂಬದವನೂ ಬಳಸಬಹುದಾದ ಅಳತೆಗೋಲು ಕೊಡುತ್ತಾರೆ. ಬಹುಸಂಖ್ಯಾತರು ಅಲ್ಪಸಂಖ್ಯಾತರ ಮೇಲೆ ಹೇರಿ, ತಮಗೆ ಮಾತ್ರ ಅನ್ವಯಿಸಿಕೊಳ್ಳದ ಕಾನೂನು ಅನ್ಯಾಯದ್ದು. ಮತದ ಹಕ್ಕನ್ನು ಕಿತ್ತುಕೊಂಡದ್ದರಿಂದ ಯಾರಿಗೆ ಅದನ್ನು ರೂಪಿಸುವುದರಲ್ಲಿ ಪಾಲೇ ಇರಲಿಲ್ಲವೋ ಅವರ ಮೇಲೆ ಹೊರಿಸಿದ ಕಾನೂನು ಅನ್ಯಾಯದ್ದು. ಅಲಬಾಮಾ ಶಾಸನಸಭೆಯನ್ನು ಆರಿಸಿದವರು ಯಾರು ಎಂದು ಕೇಳಿದರೆ ಸಾಕು. ಮೂರನೆಯದು, ಮೇಲ್ನೋಟಕ್ಕೆ ಸರಿಯಿದ್ದು ಬಳಕೆಯಲ್ಲಿ ಕೆಟ್ಟದ್ದು. ಮೆರವಣಿಗೆಗೆ ಪರವಾನಗಿ ಬೇಕೆಂಬ ನಿಯಮದಲ್ಲಿ ತಪ್ಪಿಲ್ಲ, ಅದನ್ನು ಪ್ರತ್ಯೇಕತೆ ಕಾಯಲು ಬಳಸಿದಾಗ ತಪ್ಪು. ತಮ್ಮನ್ನು ಜೈಲಿಗೆ ಹಾಕಿದ ನಿಯಮವೇ ಉದಾಹರಣೆ.

ಇಲ್ಲೊಂದು ಗುಂಡಿ ಇದೆ. ‘ನನ್ನ ಅಂತಃಸಾಕ್ಷಿಗೆ ಒಪ್ಪದ ಕಾನೂನನ್ನು ಮುರಿಯುತ್ತೇನೆ’ ಎಂದು ವಾಲೇಸನೂ ಹೇಳಬಹುದಲ್ಲ? ಪತ್ರದ ತಾರೀಖಿನಿಂದ ಎರಡು ತಿಂಗಳೊಳಗೆ, ಜೂನ್ 11ರಂದು, ಕಪ್ಪು ವಿದ್ಯಾರ್ಥಿಗಳು ಸೇರದಂತೆ ಅವನು ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತದ್ದೂ ಹೌದು. ಅಂತಃಸಾಕ್ಷಿಯ ಮೇಲೊಂದೇ ವಾದ ನಿಲ್ಲಿಸಿದವರು ಈ ಗುಂಡಿಗೆ ಬೀಳುತ್ತಾರೆ. ಅಳತೆಗೋಲು ಇಟ್ಟು ನೋಡಿ. 1954ರ ತೀರ್ಪು ಎಲ್ಲರಿಗೂ ಒಂದೇ, ಮತ್ತು ವಾಲೇಸನ ಕೈಯಲ್ಲಿ ಮತವೂ ಇತ್ತು, ಅಧಿಕಾರವೂ ಇತ್ತು. ಇದರ ಮೇಲೆ ಕಿಂಗ್ ಇನ್ನೊಂದು ಬೀಗ ಹಾಕುತ್ತಾರೆ. ಅನ್ಯಾಯದ ಕಾನೂನನ್ನು ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮುರಿಯಬೇಕು. ಈ ಮೂರರಲ್ಲಿ ಶಿಕ್ಷೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳುವವರನ್ನು ಎಲ್ಲ ಕಾಲದಲ್ಲೂ ಕಾಣುತ್ತೇವೆ. ಜೈಲಿನ ಕೋಣೆಯಲ್ಲಿ ಕೂತು ಬರೆದದ್ದರಿಂದಲೇ ಆ ಸಾಲಿಗೆ ತೂಕ. ಹಿಟ್ಲರನ ಜರ್ಮನಿಯಲ್ಲಿ ನಡೆದದ್ದೆಲ್ಲ ‘ಕಾನೂನುಬದ್ಧ’ವಾಗಿತ್ತು, ಯಹೂದಿಯೊಬ್ಬನಿಗೆ ನೆರವಾಗುವುದು ಅಪರಾಧವಾಗಿತ್ತು ಎಂದು ಇಲ್ಲೇ ನೆನಪಿಸುತ್ತಾರೆ. ಆ ಸಾಲನ್ನು ಓದುವಾಗ ರಬ್ಬಿಯ ಮುಖವನ್ನು ಊಹಿಸಿಕೊಳ್ಳಿ.

ಇಲ್ಲಿಂದ ದನಿ ಬದಲಾಗುತ್ತದೆ. ಉತ್ತರ ಕೊಡುತ್ತಿದ್ದವರು ಈಗ ಪ್ರಶ್ನೆ ಕೇಳುತ್ತಾರೆ. ಕಪ್ಪು ಜನರಿಗೆ ದೊಡ್ಡ ಅಡ್ಡಿ ಮುಸುಕುಧಾರಿ ಹಂತಕರಿಗಿಂತ ಈ ಬಿಳಿಯ ಸೌಮ್ಯವಾದಿಯೇ ಏನೋ ಎಂಬ ತೀರ್ಮಾನಕ್ಕೆ ಬಂದಿದ್ದೇನೆ ಎನ್ನುತ್ತಾರೆ. ನ್ಯಾಯಕ್ಕಿಂತ ಸದ್ದಿಲ್ಲದಿರುವುದೇ ಆತನಿಗೆ ಮುಖ್ಯ. ಗುರಿ ಒಪ್ಪಿಗೆ, ದಾರಿ ಒಪ್ಪಿಗೆಯಿಲ್ಲ ಎನ್ನುವವನು ಆತ. ಈ ಮಾತನ್ನು ಪತ್ರದ ಮೊದಲ ಪುಟದಲ್ಲಿ ಇಟ್ಟಿದ್ದರೆ ಯಾರೂ ಎರಡನೇ ಪುಟ ತಿರುವುತ್ತಿರಲಿಲ್ಲ. ಅಷ್ಟು ವಿನಯ, ಅಷ್ಟು ಲೆಕ್ಕ, ಅಷ್ಟು ಸಾಕ್ಷಿ ಕೊಟ್ಟಾದ ಮೇಲೆ ಹೇಳಿದ್ದರಿಂದ ಅದು ಬೈಗುಳವಾಗದೆ ನೋವಾಗಿ ತಟ್ಟುತ್ತದೆ.

‘ಅತಿರೇಕಿ’ ಎಂಬ ಆರೋಪದ ಉತ್ತರವೂ ಸೊಗಸಾಗಿದೆ. (ಇಲ್ಲಿ ‘ಉಗ್ರಗಾಮಿ’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ, ನಮ್ಮ ಪತ್ರಿಕೆಗಳಲ್ಲಿ ಆ ಪದಕ್ಕೆ ಬಂದೂಕು ಅಂಟಿಕೊಂಡಿದೆ.) ಮೊದಲು ಬೇಸರವಾಯಿತು ಎನ್ನುತ್ತಾರೆ ಕಿಂಗ್, ಯೋಚಿಸುತ್ತ ಹೋದಂತೆ ಸಮಾಧಾನವೆನಿಸಿತು. ಯೇಸು ಪ್ರೀತಿಯ ಅತಿರೇಕಿಯಾಗಿರಲಿಲ್ಲವೇ, ಪ್ರವಾದಿ ಆಮೋಸ್ ನ್ಯಾಯದ ಅತಿರೇಕಿಯಾಗಿರಲಿಲ್ಲವೇ? ಪೌಲ್, ಪ್ರಾಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್, ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್, ಜೆಫರ್ಸನ್ ಎಲ್ಲರೂ ಆ ಸಾಲಿಗೆ ಸೇರುತ್ತಾರೆ. ಪದವನ್ನು ತಿರಸ್ಕರಿಸದೆ, ಯಾವುದರ ಅತಿರೇಕ ಎಂದು ಮರಳಿ ಕೇಳುತ್ತಾರೆ.

ಪೊಲೀಸರಿಗೆ ಸಿಕ್ಕ ಶಹಬ್ಬಾಸ್‌ಗಿರಿಗೆ ಕೊಟ್ಟ ಉತ್ತರ ತೀರಾ ಹತ್ತಿರದ್ದು. ಮುದುಕರಿಗೂ ಹುಡುಗರಿಗೂ ಕಪಾಳಕ್ಕೆ ಹೊಡೆದು ಒದೆಯುವುದನ್ನು ನೀವು ನೋಡಿದ್ದರೆ ಹಾಗೆ ಹೊಗಳುತ್ತಿರಲಿಲ್ಲ ಎನ್ನುತ್ತಾರೆ. ಊಟಕ್ಕೆ ಮುಂಚೆ ಒಟ್ಟಾಗಿ ಪ್ರಾರ್ಥನೆ ಹಾಡಬೇಕೆಂದದ್ದಕ್ಕೆ ಎರಡು ಸಲ ಊಟವನ್ನೇ ಕೊಡಲಿಲ್ಲ ಎನ್ನುತ್ತಾರೆ. ಊಟದ ಮುಂಚಿನ ಪ್ರಾರ್ಥನೆಯ ಬೆಲೆ ಗುರುಗಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪತ್ರ ಕ್ಷಮೆ ಕೇಳಿ ಮುಗಿಯುತ್ತದೆ, ಆ ಕ್ಷಮೆಗೆ ಎರಡು ತಕ್ಕಡಿ. ಸತ್ಯವನ್ನು ಮೀರಿ ಏನಾದರೂ ಹೇಳಿದ್ದರೆ ನೀವು ಕ್ಷಮಿಸಿ. ಸತ್ಯಕ್ಕಿಂತ ಕಡಿಮೆ ಹೇಳಿ, ಸೋದರತ್ವಕ್ಕಿಂತ ಕಡಿಮೆಯಾದುದಕ್ಕೆ ಒಪ್ಪುವಷ್ಟು ತಾಳ್ಮೆ ತೋರಿದ್ದರೆ ದೇವರು ಕ್ಷಮಿಸಲಿ. ತಾಳ್ಮೆ ಸಾಲದೆಂದು ಶುರುವಾದ ವ್ಯಾಜ್ಯದಲ್ಲಿ ತಾಳ್ಮೆ ಹೆಚ್ಚಾದದ್ದೇ ದೇವರ ಮುಂದೆ ಹೇಳಿಕೊಳ್ಳಬೇಕಾದ ಪಾಪವಾಗಿ ನಿಲ್ಲುತ್ತದೆ.

ಮಾತಿಗೆ ಎಷ್ಟು ಬಲವಿತ್ತು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಬರ್ಮಿಂಗ್‌ಹ್ಯಾಮಿನ ಬಾಗಿಲು ತೆರೆಸಿದ್ದು ಈ ಪತ್ರವಲ್ಲ. ಮೇ 2ರಿಂದ ಶಾಲಾ ಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು, ಅವರ ಮೇಲೆ ಪೊಲೀಸ್ ನಾಯಿಗಳನ್ನು ಬಿಟ್ಟರು, ಅಗ್ನಿಶಾಮಕ ಕೊಳವೆಗಳಿಂದ ನೀರು ಹಾಯಿಸಿದರು, ಆ ಚಿತ್ರಗಳನ್ನು ಜಗತ್ತು ನೋಡಿತು, ಮೇ 10ಕ್ಕೆ ಒಪ್ಪಂದವಾಯಿತು. ಪತ್ರ ಅದೇ ತಿಂಗಳು ಕಿರುಹೊತ್ತಗೆಯಾಗಿ, ಜೂನ್ ಮತ್ತು ಆಗಸ್ಟಿನಲ್ಲಿ ನಿಯತಕಾಲಿಕಗಳಲ್ಲಿ ಹರಡಿ, ಆಗಿಹೋದದ್ದಕ್ಕೆ ಅರ್ಥ ಕೊಟ್ಟಿತು. ಸೆಪ್ಟೆಂಬರ್ 15ರಂದು ಅದೇ ನಗರದ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತರು.

ನ್ಯಾಯಾಲಯವೂ ಪತ್ರದ ವಾದಕ್ಕೆ ಸುಲಭದಲ್ಲಿ ಮಣಿಯಲಿಲ್ಲ. ತಡೆಯಾಜ್ಞೆ ಮುರಿದದ್ದಕ್ಕೆ ವಿಧಿಸಿದ 5 ದಿನಗಳ ಜೈಲು, 50 ಡಾಲರ್ ದಂಡದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1967ರಲ್ಲಿ 5–4 ಮತಗಳಿಂದ ಎತ್ತಿಹಿಡಿಯಿತು. ನ್ಯಾಯಾಲಯದ ಆಜ್ಞೆ ತಪ್ಪಾಗಿದ್ದರೂ ಮೊದಲು ಅದನ್ನು ಪ್ರಶ್ನಿಸಬೇಕಿತ್ತು, ಮುರಿಯಬಾರದಿತ್ತು ಎಂಬುದು ಬಹುಮತದ ನಿಲುವು. ಕಿಂಗ್ ಆ ವರ್ಷ ಮತ್ತೆ ಜೈಲಿಗೆ ಹೋದರು. ಮೆರವಣಿಗೆ ಪರವಾನಗಿಯ ಆ ನಿಯಮ ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪು ಬಂದದ್ದು 1969ರ ಮಾರ್ಚಿನಲ್ಲಿ, ಶಟಲ್ಸ್‌ವರ್ತ್ ಅವರ ಮೊಕದ್ದಮೆಯಲ್ಲಿ. ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ, ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್. ಕಿಂಗ್ ಮೆಂಫಿಸ್‌ನಲ್ಲಿ ಗುಂಡಿಗೆ ಬಲಿಯಾಗಿ ಅಷ್ಟರಲ್ಲಿ 11 ತಿಂಗಳಾಗಿತ್ತು.